ಒಂದು ಎಸಳು ಕರಿಬೇವು ಎಂದರೆ ಎಷ್ಟು ಎಲೆ? ಫರ್ನ್ ಗರಿ, ಬಿಲ್ವಪತ್ರೆ ಮತ್ತು ಫಾರ್ವರ್ಡ್‌ಗಳ ಗೊಂದಲ

ಮಳೆಗಾಲ ಶುರುವಾದರೆ ಸಾಕು, ವಾಟ್ಸ್‌ಆ್ಯಪ್‌ನಲ್ಲಿ ಎಲೆಗಳ ಫೋಟೊಗಳೂ ಚಿಗುರತೊಡಗುತ್ತವೆ. ಒಂದರಲ್ಲಿ ಹಸಿರು ಗರಿಯ ಹಿಂಬದಿಗೆ ಸಾಲಾಗಿ ಕಂದು ಚುಕ್ಕೆಗಳು. ಕೆಳಗೆ ‘ಇದು ವಿಷದ ಹುಳುವಿನ ಮೊಟ್ಟೆ, ಮಕ್ಕಳು ಮುಟ್ಟದಂತೆ ನೋಡಿಕೊಳ್ಳಿ, ಎಲ್ಲರಿಗೂ ಕಳಿಸಿ’ ಎಂಬ ಒಕ್ಕಣೆ. ಇನ್ನೊಂದರಲ್ಲಿ ಐದು ದಳದ ಬಿಲ್ವಪತ್ರೆ, ‘ಕೋಟಿಗೊಂದು ಸಿಗುವ ಎಲೆ’ ಎಂಬ ಮಾತು. ಮೂರನೆಯದು ಸ್ವಲ್ಪ ಗಂಭೀರ. ರಸ್ತೆ ಬದಿಯ ಸಣ್ಣ ಗಿಡವೊಂದರ ಚಿತ್ರ ಹಾಕಿ, ‘ಕಾಮಾಲೆಗೆ ಆಸ್ಪತ್ರೆ ಬೇಡ, ಈ ಸೊಪ್ಪಿನ ರಸ ಮೂರು ದಿನ ಕುಡಿದರೆ ಸಾಕು’ ಎಂದು ಬರೆದಿರುತ್ತಾರೆ.

ಈ ಮೂರೂ ಬೇರೆ ಬೇರೆ ವಿಷಯ ಅನ್ನಿಸಬಹುದು. ಆದರೆ ಮೂರನ್ನೂ ಸರಿಯಾಗಿ ನೋಡಬೇಕಾದರೆ ಒಂದೇ ಪ್ರಶ್ನೆ ಕೇಳಿಕೊಳ್ಳಬೇಕು: ನಾವು ನೋಡುತ್ತಿರುವುದು ಒಂದು ಇಡೀ ಎಲೆಯೇ, ಎಲೆಯ ಒಂದು ಭಾಗವೇ, ಅಥವಾ ಹಲವು ಎಲೆಗಳಿರುವ ರೆಂಬೆಯೇ? ಶಾಲೆಯಲ್ಲಿ ‘ಸರಳ ಎಲೆ, ಸಂಯುಕ್ತ ಎಲೆ’ ಎಂದು ಚಿತ್ರ ಬರೆದು ಎರಡು ಅಂಕ ತೆಗೆದುಕೊಂಡು ನಾವೆಲ್ಲ ಮರೆತ ಪಾಠ ಇದು. ಮರೆತದ್ದರಿಂದ ಕೆಲವೊಮ್ಮೆ ಬೆಲೆ ತೆರಬೇಕಾಗುತ್ತದೆ.

ಅಡುಗೆಮನೆಯಿಂದಲೇ ಶುರು ಮಾಡೋಣ

ಒಗ್ಗರಣೆಗೆ ‘ಒಂದು ಎಸಳು ಕರಿಬೇವು’ ಹಾಕಿ ಎನ್ನುತ್ತೇವೆ. ಕಡ್ಡಿಯಿಂದ ಎಲೆಗಳನ್ನು ಸರ್ರನೆ ಬಿಡಿಸಿ ಎಣ್ಣೆಗೆ ಹಾಕುತ್ತೇವೆ. ಹದಿನೈದೋ ಇಪ್ಪತ್ತೋ ಎಲೆ ಹಾಕಿದೆವು ಅಂದುಕೊಳ್ಳುತ್ತೇವೆ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ನಾವು ಹಾಕಿದ್ದು ಒಂದೇ ಎಲೆ. ಆ ಕಡ್ಡಿ ರೆಂಬೆಯಲ್ಲ, ಅದು ಎಲೆಯ ನಡುದಿಂಡು. ಅದರ ಎರಡೂ ಪಕ್ಕದಲ್ಲಿರುವವು ಎಲೆಗಳಲ್ಲ, ಒಂದು ಎಲೆಯ ತುಂಡುಗಳು. ಅವನ್ನು ಕಿರುಎಲೆ ಎನ್ನೋಣ. ಹೀಗೆ ಹಲವು ಕಿರುಎಲೆಗಳಾಗಿ ಪೂರ್ತಿ ಒಡೆದ ಎಲೆಯೇ ಸಂಯುಕ್ತ ಎಲೆ. ಅಂದರೆ ಅಡುಗೆಯವರ ‘ಒಂದು ಎಸಳು’ ಎಂಬ ಲೆಕ್ಕವೇ ಸಸ್ಯವಿಜ್ಞಾನಿಯ ಲೆಕ್ಕಕ್ಕೆ ಸರಿಹೋಗುತ್ತದೆ. ‘ಹತ್ತು ಕರಿಬೇವಿನ ಎಲೆ’ ಎಂದು ಬರೆಯುವ ಯೂಟ್ಯೂಬ್ ರೆಸಿಪಿಯೇ ತಪ್ಪು!

ಇದನ್ನು ಹೇಗೆ ತಿಳಿಯುವುದು? ಮನೆಯ ಮುಂದೆ ಕರಿಬೇವಿನ ಗಿಡವಿದ್ದರೆ ಈಗಲೇ ಹೋಗಿ ನೋಡಿ. ಕಡ್ಡಿಯು ಕಂದು ಬಣ್ಣದ ಗಟ್ಟಿ ಕಾಂಡಕ್ಕೆ ಸೇರುವ ಜಾಗದಲ್ಲಿ, ಮೇಲ್ಗಡೆಯ ಸಂದಿಯಲ್ಲಿ, ಒಂದು ಪುಟ್ಟ ಮೊಗ್ಗು ಇರುತ್ತದೆ. ಮುಂದೆ ಅದೇ ಹೊಸ ರೆಂಬೆ ಆಗುವುದು. ಈ ಸಂದಿಗೆ ಎಲೆಯ ಕಂಕುಳು ಎನ್ನುತ್ತಾರೆ. ಹೂಬಿಡುವ ಗಿಡಗಳಲ್ಲಿ ಸಾಮಾನ್ಯವಾಗಿ ಪ್ರತಿ ಎಲೆಯ ಕಂಕುಳಲ್ಲೂ ಮೊಗ್ಗು ಇರುತ್ತದೆ. ಈಗ ಕಡ್ಡಿಯ ಮೇಲಿರುವ ಒಂದೊಂದು ಕಿರುಎಲೆಯ ಬುಡವನ್ನು ನೋಡಿ. ಅಲ್ಲಿ ಮೊಗ್ಗಿಲ್ಲ. ಕಡ್ಡಿಯ ತುದಿಯಲ್ಲೂ ಬೆಳೆಯುವ ಕುಡಿ ಇಲ್ಲ, ಒಂದು ಕಿರುಎಲೆಯೊಂದಿಗೆ ಅದು ಮುಗಿದುಹೋಗುತ್ತದೆ. ರೆಂಬೆಯಾಗಿದ್ದರೆ ತುದಿಯಲ್ಲಿ ಕುಡಿ ಇರಲೇಬೇಕಿತ್ತು. ಹಳತಾದಾಗ ಇಡೀ ಕಡ್ಡಿಯೇ ಉದುರುತ್ತದೆ, ಕಾಂಡದ ಮೇಲೆ ಒಂದು ಗುರುತು ಉಳಿಯುತ್ತದೆ.

ಬೇವು, ಹುಣಸೆ, ಗುಲಾಬಿ ಇವೆಲ್ಲ ಇದೇ ಗುಂಪಿನವು. ಹಕ್ಕಿಯ ಗರಿಯ ಹಾಗೆ ನಡುದಿಂಡಿನ ಎರಡೂ ಕಡೆ ಕಿರುಎಲೆ. ಕೆಲವು ಗಿಡಗಳಲ್ಲಿ ಕಿರುಎಲೆಯೂ ಮತ್ತೆ ಕಿರುಎಲೆಗಳಾಗಿ ಒಡೆಯುತ್ತದೆ. ಗುಲ್‌ಮೊಹರ್‌ನಲ್ಲಿ ಎರಡು ಸಲ, ನುಗ್ಗೆಯಲ್ಲಿ ಸಾಮಾನ್ಯವಾಗಿ ಮೂರು ಸಲ. ನುಗ್ಗೆಸೊಪ್ಪು ಬಿಡಿಸಲು ಕೂತವರಿಗೆ ಈ ಮೂರನೇ ಸಲದ ಒಡಕು ಎಷ್ಟು ಹೊತ್ತು ತಿನ್ನುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಇನ್ನು ಲಕ್ಕಿಗಿಡ, ಬೂರುಗದ ಮರಗಳಲ್ಲಿ ಕಿರುಎಲೆಗಳು ಅಂಗೈಯಿಂದ ಬೆರಳು ಹೊರಟ ಹಾಗೆ ಒಂದೇ ಜಾಗದಿಂದ ಹೊರಡುತ್ತವೆ.

ಐದು ದಳದ ಬಿಲ್ವ ಪವಾಡವೇ?

ಬಿಲ್ವಪತ್ರೆ ‘ಮೂರು ಎಲೆ’ ಅಲ್ಲ, ಮೂರು ಕಿರುಎಲೆಗಳಿರುವ ಒಂದೇ ಎಲೆ. ಪೂಜೆಯ ಭಾಷೆಯಲ್ಲೂ ಅದನ್ನು ಮೂರು ದಳದ ಪತ್ರೆ ಎನ್ನುತ್ತಾರೆಯೇ ಹೊರತು ಮೂರು ಪತ್ರೆ ಎನ್ನುವುದಿಲ್ಲ. ನಂಬಿಕೆಯ ವಿಷಯಕ್ಕೆ ನಾವು ಹೋಗುವುದಿಲ್ಲ. ಆದರೆ ಐದು ದಳದ ಎಲೆ ಎಲ್ಲಿಂದ ಬಂತು ಎಂಬುದಕ್ಕೆ ಉತ್ತರವಿದೆ.

ಸಂಯುಕ್ತ ಎಲೆ ಬೆಳೆಯುವ ಬಗೆ ಹೀಗೆ. ಕಾಂಡದ ತುದಿಯಲ್ಲಿ ಎಲೆ ಹುಟ್ಟುವಾಗ ಅದು ಕಣ್ಣಿಗೆ ಕಾಣದಷ್ಟು ಚಿಕ್ಕ ಉಬ್ಬು. ಆ ಉಬ್ಬಿನ ಅಂಚಿನಲ್ಲಿ ಮತ್ತೆ ಸಣ್ಣ ಉಬ್ಬುಗಳು ಮೂಡುತ್ತವೆ, ಒಂದೊಂದೂ ಒಂದು ಕಿರುಎಲೆಯಾಗುತ್ತದೆ. ಸರಳ ಎಲೆಯ ಗಿಡಗಳಲ್ಲಿ ಎಲೆ ಹುಟ್ಟುವ ಹೊತ್ತಿಗೆ ‘ಇನ್ನೂ ಬೆಳೆ, ಇನ್ನೂ ಕವಲೊಡೆ’ ಎನ್ನುವ ಕೆಲವು ಜೀನ್‌ಗಳು ಸುಮ್ಮನಾಗುತ್ತವೆ. ಟೊಮೆಟೊದಂಥ ಸಂಯುಕ್ತ ಎಲೆಯ ಗಿಡಗಳಲ್ಲಿ ಅವು ಎಲೆಯೊಳಗೆ ಮತ್ತೆ ಎಚ್ಚರಗೊಳ್ಳುತ್ತವೆ. ಬಟಾಣಿಯಲ್ಲಿ ಇದೇ ಕೆಲಸವನ್ನು ಬೇರೊಂದು ಜೀನ್ ಮಾಡುತ್ತದೆ. ಆ ಎಚ್ಚರ ತುಸು ಹೆಚ್ಚು ಹೊತ್ತು ಉಳಿದರೆ ಇನ್ನೊಂದು ಜೋಡಿ ಉಬ್ಬು ಮೂಡಬಹುದು. ಆಗ ಮೂರರ ಜಾಗದಲ್ಲಿ ಐದು. ಬಿಲ್ವದಲ್ಲಿ ಸಾಮಾನ್ಯ ಸಂಖ್ಯೆ ಮೂರು, ಒಮ್ಮೊಮ್ಮೆ ಐದು. ಗುಲಾಬಿಯ ಒಂದೇ ಗಿಡದಲ್ಲಿ ಐದು ಮತ್ತು ಏಳು ಕಿರುಎಲೆಯ ಎಲೆಗಳನ್ನು ನೀವೇ ಎಣಿಸಬಹುದು. ಅದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ, ಅಷ್ಟೇ ವ್ಯತ್ಯಾಸ.

ಬಿಲ್ವದ ಮನೆತನದಲ್ಲೇ ಇನ್ನೊಂದು ಸೋಜಿಗವಿದೆ. ಬಿಲ್ವ, ಕರಿಬೇವು, ನಿಂಬೆ ಮೂರೂ ಒಂದೇ ಸಸ್ಯ ಕುಟುಂಬದವು. ಕರಿಬೇವಿಗೆ ಹತ್ತಾರು ಕಿರುಎಲೆ, ಬಿಲ್ವಕ್ಕೆ ಮೂರು, ನಿಂಬೆಗೆ? ನೋಡಿದರೆ ಸರಳ ಎಲೆ. ಆದರೆ ಚಕ್ಕೋತದ ಎಲೆಯೊಂದನ್ನು ಕೈಗೆತ್ತಿಕೊಳ್ಳಿ. ತೊಟ್ಟಿನ ಎರಡೂ ಕಡೆ ಸಣ್ಣ ರೆಕ್ಕೆ, ರೆಕ್ಕೆ ಮುಗಿದು ಅಗಲ ಎಲೆ ಶುರುವಾಗುವಲ್ಲಿ ಒಂದು ಸ್ಪಷ್ಟ ಗೆಣ್ಣು. ಆ ಗೆಣ್ಣು ಕಿರುಎಲೆ ನಡುದಿಂಡಿಗೆ ಸೇರುವ ಕೀಲು. ಅದಕ್ಕಾಗಿಯೇ ನಿಂಬೆ, ಕಿತ್ತಳೆ, ಚಕ್ಕೋತಗಳ ಎಲೆಯನ್ನು ‘ಒಂದೇ ಕಿರುಎಲೆ ಇರುವ ಸಂಯುಕ್ತ ಎಲೆ’ ಎಂದು ಸಸ್ಯಶಾಸ್ತ್ರದ ಪುಸ್ತಕಗಳು ಕರೆಯುತ್ತವೆ.

ಸೀಳಿದ್ದೆಲ್ಲ ಸಂಯುಕ್ತವಲ್ಲ

ಪಪ್ಪಾಯಿ, ಹರಳು, ಮರಗೆಣಸು ಇವುಗಳ ಎಲೆ ಆಳವಾಗಿ ಸೀಳಿದೆ, ಆದರೆ ಸೀಳು ಬುಡದವರೆಗೆ ಮುಟ್ಟಿಲ್ಲ. ಎಲ್ಲೋ ಒಂದು ಕಡೆ ಹಸಿರು ಹಾಳೆ ಒಂದಕ್ಕೊಂದು ಅಂಟಿಕೊಂಡೇ ಇದೆ. ಹಾಗಾಗಿ ಅವು ಸರಳ ಎಲೆಗಳೇ. ಬಾಳೆಯ ಎಲೆ ಗಾಳಿಗೆ ಚಿಂದಿಯಾಗಿ ದೂರದಿಂದ ತೆಂಗಿನ ಗರಿಯಂತೆ ಕಾಣುತ್ತದೆ. ಅದು ಪೆಟ್ಟು ತಿಂದ ಸರಳ ಎಲೆ, ಗಾಳಿ ಬೀಸದ ಮೂಲೆಯಲ್ಲಿ ಇಡೀ ಊಟದೆಲೆಯಾಗಿಯೇ ಉಳಿಯುತ್ತದೆ.

ತೆಂಗಿನದು ಇವೆರಡರ ನಡುವಿನ ಕತೆ. ಒಂದು ಗರಿ ಎಂದರೆ ಒಂದು ಎಲೆ. ಬೆಳೆದ ಮರದಲ್ಲಿ ಅದು ಐದಾರು ಮೀಟರ್ ಉದ್ದವಿದ್ದು 200ಕ್ಕೂ ಹೆಚ್ಚು ಕಿರುಎಲೆಗಳನ್ನು ಹೊತ್ತಿರುತ್ತದೆ. ಕಾಂಡದ ಮೇಲಿನ ಒಂದೊಂದು ಗುರುತೂ ಬಿದ್ದುಹೋದ ಒಂದು ಎಲೆಯ ಲೆಕ್ಕ. ಆದರೆ ತೆಂಗಿನಲ್ಲಿ ಕಿರುಎಲೆಗಳು ಬೇವಿನಂತೆ ಬಿಡಿಬಿಡಿಯಾಗಿ ಹುಟ್ಟುವುದಿಲ್ಲ. ಬೀಸಣಿಗೆಯಂತೆ ಮಡಚಿದ ಒಂದು ಹಾಳೆ ಮೊದಲು ಬೆಳೆದು, ಆಮೇಲೆ ಮಡಿಕೆಗಳ ಗುಂಟ ತಾನಾಗಿ ಸೀಳಿಕೊಳ್ಳುತ್ತದೆ. ತೆಂಗಿನ ಸಸಿ ನೆಟ್ಟವರಿಗೆ ಇದು ಗೊತ್ತೇ ಇರುತ್ತದೆ: ಅದರ ಮೊದಮೊದಲ ಎಲೆಗಳು ಸೀಳದೆ ಅಗಲವಾಗಿಯೇ ಇರುತ್ತವೆ. ಇದೇ ತಾಳೆ ವಂಶದ ಆಫ್ರಿಕಾದ ರಾಫಿಯಾ ರೀಗಾಲಿಸ್ ಎಂಬ ಮರದ ಎಲೆ 25 ಮೀಟರ್‌ವರೆಗೆ ಬೆಳೆಯುತ್ತದೆ, ಗಿಡಗಳ ಲೋಕದಲ್ಲಿ ಅತಿ ಉದ್ದನೆಯ ಎಲೆ ಅದು. ಅದೂ ಸಂಯುಕ್ತವೇ.

ಎಲೆ ಹೀಗೆ ತುಂಡಾಗಿ ಏನು ಲಾಭ? ಒಂದೇ ಕಾರಣ ಹುಡುಕುವುದು ಸರಿಯಲ್ಲ. ಸಂಯುಕ್ತ ಎಲೆ ಸಸ್ಯಗಳಲ್ಲಿ ಒಂದಲ್ಲ, ಹಲವಾರು ಸಲ ಬೇರೆ ಬೇರೆಯಾಗಿ ವಿಕಾಸವಾಗಿದೆ. ಸಣ್ಣ ತುಂಡುಗಳು ಗಾಳಿಗೆ ಬೇಗ ಬಿಸಿ ಬಿಟ್ಟುಕೊಡುತ್ತವೆ, ಬಿರುಗಾಳಿಯಲ್ಲಿ ಮಡಚಿಕೊಂಡು ಹರಿಯದೆ ಉಳಿಯುತ್ತವೆ. ಬೇಸಿಗೆ ಬಂದಾಗ ಕಡಿಮೆ ಖರ್ಚಿನಲ್ಲಿ ಮಾಡಿದ ನಡುದಿಂಡನ್ನು ಎಲೆಯ ಜತೆ ಎಸೆದುಬಿಡಬಹುದು, ಮರದಂತೆ ಗಟ್ಟಿಯಾದ ರೆಂಬೆಯನ್ನು ಕಳೆದುಕೊಳ್ಳಬೇಕಿಲ್ಲ. ನಾಚಿಕೆ ಮುಳ್ಳು ಕಿರುಎಲೆಗಳ ಬುಡದ ಕೀಲುಗಳಲ್ಲಿ ನೀರನ್ನು ಆಚೀಚೆ ಸರಿಸಿ ಕ್ಷಣದಲ್ಲಿ ಮುದುಡುವುದಂತೂ ಇಡೀ ಎಲೆಯ ಗಿಡದಿಂದ ಆಗದ ಮಾತು.

ಈಗ ಆ ಕಂದು ಚುಕ್ಕೆಗಳು

ಮೊದಲ ಫಾರ್ವರ್ಡ್‌ನಲ್ಲಿದ್ದ ಗಿಡ ಫರ್ನ್. ಕನ್ನಡದ ಪಠ್ಯಗಳಲ್ಲಿ ಜರೀಗಿಡ ಎನ್ನುತ್ತಾರೆ. ಜಗತ್ತಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಬಗೆಯ ಫರ್ನ್‌ಗಳಿವೆ. ಹೂವು ಈ ಭೂಮಿಯ ಮೇಲೆ ಅರಳುವ ಮೊದಲೇ ಇವು ಇದ್ದವು. ಇವುಗಳ ವಿಷಯದಲ್ಲಿ ನಾವು ಕರಿಬೇವಿಗೆ ಕಲಿತ ‘ಕಂಕುಳಿನ ಮೊಗ್ಗು’ ಪರೀಕ್ಷೆ ನಡೆಯುವುದಿಲ್ಲ. ಏಕೆಂದರೆ ಹೂಬಿಡುವ ಗಿಡಗಳಂತೆ ಎಲೆಕಂಕುಳಲ್ಲಿ ಮೊಗ್ಗು ಇಡುವುದು ಫರ್ನ್‌ಗಳ ಪದ್ಧತಿಯಲ್ಲ. ಹೆಚ್ಚಿನ ಫರ್ನ್‌ಗಳ ಕಾಂಡ ಮಣ್ಣಿನಲ್ಲೋ ಬಂಡೆಯ ಮೇಲೋ ತೆವಳುತ್ತದೆ. ನೆಲದ ಮೇಲೆ ಸೊಂಟದೆತ್ತರಕ್ಕೆ ನಿಂತು ‘ಗಿಡ’ದಂತೆ ಕಾಣುವುದು ಬರಿಯ ಎಲೆ. ಮಣ್ಣಿನಿಂದ ಮೇಲೆ ಬಂದ ಒಂದೊಂದು ದಂಟೂ, ಅದರ ಕವಲು, ಕವಲಿನ ಕವಲು ಎಲ್ಲ ಸೇರಿ ಒಂದು ಎಲೆ.

ಹಾಗಾದರೆ ಗುರುತು ಏನು? ಹೊಸ ಎಲೆ ಹುಟ್ಟುವಾಗ ನೋಡಿ. ಪಿಟೀಲಿನ ತಲೆಯ ಹಾಗೆ ಸುರುಳಿ ಸುತ್ತಿಕೊಂಡು ಬರುತ್ತದೆ, ಬುಡದಿಂದ ತುದಿಯ ಕಡೆಗೆ ಬಿಚ್ಚಿಕೊಳ್ಳುತ್ತದೆ. ಕವಲೊಡೆದ ಎಲೆಯಾದರೆ ದೊಡ್ಡ ಸುರುಳಿಯೊಳಗೆ ಒಂದೊಂದು ಕವಲಿಗೂ ಒಂದೊಂದು ಸಣ್ಣ ಸುರುಳಿ. ಈ ಸುರುಳಿ ಹೆಚ್ಚುಕಡಿಮೆ ಎಲ್ಲ ಫರ್ನ್‌ಗಳ ಮುದ್ರೆ.

ಬೆಳೆದ ಎಲೆಯ ಹಿಂಬದಿಯ ಕಂದು ಚುಕ್ಕೆ ಮೊಟ್ಟೆಯಲ್ಲ, ರೋಗವೂ ಅಲ್ಲ. ಪ್ರತಿ ಚುಕ್ಕೆಯೂ ನೂರಾರು ಸಣ್ಣ ಚೀಲಗಳಿರಬಹುದಾದ ಒಂದು ಗೊಂಚಲು, ಚೀಲದೊಳಗೆ ಧೂಳಿನಷ್ಟು ನುಣುಪಾದ ಬೀಜಾಣುಗಳು. ಚೀಲದ ಸುತ್ತ ಒಂದು ದಪ್ಪ ಪಟ್ಟಿ ಇರುತ್ತದೆ. ಬಿಸಿಲಿಗೆ ಒಣಗುತ್ತ ಅದು ಹಿಂದಕ್ಕೆ ಬಾಗಿ, ಇದ್ದಕ್ಕಿದ್ದಂತೆ ಚಿಮ್ಮಿ, ಕವಣೆಯಂತೆ ಬೀಜಾಣುಗಳನ್ನು ಎಸೆಯುತ್ತದೆ. ಒದ್ದೆ ನೆಲ ಸಿಕ್ಕ ಬೀಜಾಣು ನೇರವಾಗಿ ಫರ್ನ್ ಆಗುವುದಿಲ್ಲ. ಮೊದಲು ಕೆಲವೇ ಮಿಲಿಮೀಟರ್ ಅಗಲದ, ಹೃದಯದಾಕಾರದ ಹಸಿರು ಹಾಳೆಯಾಗುತ್ತದೆ. ಗಂಡು ಹೆಣ್ಣು ಕೋಶಗಳು ಅಲ್ಲಿ ಕೂಡಿದ ಮೇಲಷ್ಟೇ ನಮಗೆ ಗೊತ್ತಿರುವ ಫರ್ನ್ ಹುಟ್ಟುವುದು.

ಈ ಚುಕ್ಕೆಗಳ ಬಗ್ಗೆ ಕತೆ ಹಬ್ಬಿದ್ದು ಇದೇ ಮೊದಲಲ್ಲ. ಹೂವೂ ಇಲ್ಲ, ಬೀಜವೂ ಕಾಣದು, ಆದರೂ ಗಿಡ ಹಬ್ಬುತ್ತದೆ. ಹಾಗಾದರೆ ಬೀಜ ಕಣ್ಣಿಗೆ ಕಾಣದ್ದಿರಬೇಕು, ಅದನ್ನು ಇಟ್ಟುಕೊಂಡವನೂ ಕಣ್ಣಿಗೆ ಕಾಣುವುದಿಲ್ಲ ಎಂದು ಹಿಂದೆ ಯುರೋಪಿನ ಜನ ನಂಬಿದ್ದರು. ಷೇಕ್ಸ್‌ಪಿಯರನ ನಾಟಕವೊಂದರಲ್ಲೂ ಈ ನಂಬಿಕೆಯ ಪ್ರಸ್ತಾಪವಿದೆ. ಜರ್ಮನಿಯ ವಿಲ್ಹೆಲ್ಮ್ ಹಾಫ್‌ಮೈಸ್ಟರ್ 1851ರಲ್ಲಿ ಫರ್ನ್ ಮತ್ತು ಪಾಚಿಗಿಡಗಳ ಈ ಎರಡು ಹಂತದ ಬದುಕನ್ನು ಬಿಡಿಸಿಟ್ಟ ಮೇಲೆ ಒಗಟು ತಿಳಿಯಾಯಿತು.

ಹುಳುವಿನ ಬಾಧೆ ಫರ್ನ್‌ಗೂ ಬರುತ್ತದೆ, ಅದನ್ನು ಅಲ್ಲಗಳೆಯುತ್ತಿಲ್ಲ. ಕಂದು ಶಲ್ಕ ಕೀಟಗಳು ಕುಂಡದ ಫರ್ನ್‌ಗೆ ಅಂಟಿಕೊಳ್ಳುವುದುಂಟು. ವ್ಯತ್ಯಾಸ ಸುಲಭ. ಬೀಜಾಣುಗಳ ಗೊಂಚಲು ಅಳತೆ ಹಿಡಿದು ಇಟ್ಟಂತೆ ಒಂದೇ ಕ್ರಮದಲ್ಲಿರುತ್ತದೆ, ಪ್ರತಿ ಕಿರುಎಲೆಯಲ್ಲೂ ಅದೇ ಜಾಗ, ಹಿಂಬದಿಯಲ್ಲಿ ಮಾತ್ರ. ಕೀಟಗಳು ಅಡ್ಡಾದಿಡ್ಡಿ, ದಂಟಿನ ಮೇಲೂ ಎಲೆಯ ಮೇಲ್ಬದಿಯಲ್ಲೂ ಇರುತ್ತವೆ, ಎಲೆ ಅಂಟಂಟಾಗುತ್ತದೆ. ಮಲೆನಾಡಿನ ಮಕ್ಕಳು ಹಿಂಬದಿ ಬೆಳ್ಳಗಿರುವ ಒಂದು ಫರ್ನ್ ಎಲೆಯನ್ನು ಅಂಗೈ ಹಿಂದೆ ಒತ್ತಿ ಬಿಳಿ ಅಚ್ಚು ಮೂಡಿಸಿಕೊಂಡು ಆಡುತ್ತಾರಲ್ಲ, ಆ ಬಿಳಿ ಪುಡಿ ಕೀಟದ್ದೂ ಅಲ್ಲ, ಬೀಜಾಣುವೂ ಅಲ್ಲ. ಎಲೆಯೇ ಸ್ರವಿಸುವ ಮೇಣದಂಥ ಹಿಟ್ಟು ಅದು.

ಗರಿಗರಿ ಇದ್ದದ್ದೆಲ್ಲ ಫರ್ನ್ ಅಲ್ಲ, ಫರ್ನ್ ಎಲ್ಲವೂ ಗರಿಯಂತಿಲ್ಲ. ಮದುವೆಯ ಹೂಗುಚ್ಛದಲ್ಲಿ ಸಿಕ್ಕಿಸುವ ‘ಆಸ್ಪರಾಗಸ್ ಫರ್ನ್’ ನಮ್ಮ ಶತಾವರಿಯ ಬಳಗ. ಅದರ ಹಸಿರು ಸೂಜಿಗಳು ಎಲೆಯೂ ಅಲ್ಲ, ಎಲೆಯ ಕೆಲಸ ವಹಿಸಿಕೊಂಡ ಕಾಂಡದ ತುಂಡುಗಳು. ಇತ್ತ ಹಕ್ಕಿಗೂಡು ಫರ್ನ್‌ನ ಎಲೆ ಬಾಳೆಯಂತೆ ಇಡಿಯಾಗಿದೆ. ಹಸುಗಳಿಗೆ ಮೇವಾಗಿ ತೊಟ್ಟಿಯಲ್ಲಿ ಬೆಳೆಸುವ ಅಜೋಲ್ಲಾ ಕೂಡ ಫರ್ನ್ ಎಂದರೆ ಎಷ್ಟೋ ರೈತರು ನಗುತ್ತಾರೆ. ಗದ್ದೆಯ ನೀರಿನಲ್ಲಿ ನಾಲ್ಕು ಕಿರುಎಲೆ ಅರಳಿಸಿ ನಿಲ್ಲುವ ಮಾರ್ಸಿಲಿಯಾ ಕೂಡ ಫರ್ನ್. ‘ಅದೃಷ್ಟದ ನಾಲ್ಕೆಲೆ ಕ್ಲೋವರ್ ನಮ್ಮ ಗದ್ದೆಯಲ್ಲಿ ಸಿಕ್ಕಿತು’ ಎಂಬ ಫೋಟೊಗಳಲ್ಲಿ ಬಹಳಷ್ಟು ಇದೇ. ಮಾರ್ಸಿಲಿಯಾಗೆ ನಾಲ್ಕೇ ಸಹಜ ಸಂಖ್ಯೆ, ಅದರಲ್ಲಿ ಅದೃಷ್ಟದ ಪಾಲು ಇಲ್ಲ.

ಸುರುಳಿ ಕಂಡಾಕ್ಷಣ ತಿನ್ನಬಹುದೇ?

ಇಲ್ಲಿಂದ ವಿಷಯ ಬರಿಯ ಕುತೂಹಲದ್ದಲ್ಲ. ಕೊಡಗಿನಲ್ಲಿ ಮಳೆಗಾಲದ ತೆರ್ಮೆ ತೊಪ್ಪು ಪ್ರಸಿದ್ಧ. ತೊರೆಯ ಬದಿಯಲ್ಲಿ ಬೆಳೆಯುವ ಡಿಪ್ಲೇಜಿಯಂ ಎಸ್ಕುಲೆಂಟಂ ಎಂಬ ಫರ್ನ್‌ನ ಎಳೆ ಸುರುಳಿ ಅದು. ತಲೆಮಾರುಗಳಿಂದ ಕೊಯ್ದು, ತೊಳೆದು, ಬೇಯಿಸಿ ತಿನ್ನುತ್ತ ಬಂದವರಿಗೆ ಗಿಡ ಗೊತ್ತು, ಜಾಗ ಗೊತ್ತು. ರೀಲ್ಸ್ ನೋಡಿ ಟ್ರೆಕ್ಕಿಂಗ್ ಹೋದಲ್ಲಿ ಸುರುಳಿ ಕಿತ್ತುಕೊಂಡು ಬರುವವರ ವಿಷಯವೇ ನಮ್ಮ ಚಿಂತೆ. ಏಕೆಂದರೆ ಸುರುಳಿ ಎಲ್ಲ ಫರ್ನ್‌ಗಳಿಗೂ ಇದೆ.

ಪಶ್ಚಿಮ ಘಟ್ಟದ ಎತ್ತರದ ತೆರೆದ ಇಳಿಜಾರುಗಳಲ್ಲೂ ಬೆಳೆಯುವ ಬ್ರ್ಯಾಕನ್ ಎಂಬ ಫರ್ನ್ ಇದೆ. ಅದರಲ್ಲಿ ಟ್ಯಾಕ್ವಿಲೋಸೈಡ್ ಎಂಬ ವಿಷವಿದೆ. ಇದನ್ನು ಹೆಚ್ಚಾಗಿ ಮೇಯ್ದ ದನಗಳಲ್ಲಿ ಮೂತ್ರದಲ್ಲಿ ರಕ್ತ ಹೋಗುವುದು, ಮೂತ್ರಕೋಶದ ಗಡ್ಡೆ ಕಾಣಿಸಿಕೊಳ್ಳುವುದು ಪಶುವೈದ್ಯರಿಗೆ ಹಳೆಯ ಅನುಭವ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಬ್ರ್ಯಾಕನ್ ಅನ್ನು ಮನುಷ್ಯರಲ್ಲಿ ‘ಕ್ಯಾನ್ಸರ್ ತರುವ ಸಾಧ್ಯತೆ ಇರುವ’ 2ಬಿ ಗುಂಪಿಗೆ ಸೇರಿಸಿದೆ. ತಿನ್ನಬಹುದಾದ ಫರ್ನ್ ಆದರೂ ಬೇಯಿಸದೆ ತಿಂದರೆ ತೊಂದರೆ ತಪ್ಪಿದ್ದಲ್ಲ. 1994ರಲ್ಲಿ ಅಮೆರಿಕದ ನ್ಯೂಯಾರ್ಕ್ ಮತ್ತು ಪಶ್ಚಿಮ ಕೆನಡಾದಲ್ಲಿ, ಹಸಿಯಾದ ಅಥವಾ ಅರೆಬೆಂದ ಆಸ್ಟ್ರಿಚ್ ಫರ್ನ್ ಸುರುಳಿ ತಿಂದ ಅನೇಕರು ವಾಂತಿಭೇದಿಯಿಂದ ಬಳಲಿದರು.

ನಾಲ್ಕು ಕಿರುಎಲೆಯ ಮಾರ್ಸಿಲಿಯಾದ ಆಸ್ಟ್ರೇಲಿಯಾದ ಬಂಧುವಿಗೆ ನಾರ್ಡೂ ಎಂದು ಹೆಸರು. 1861ರಲ್ಲಿ ಬರ್ಕ್ ಮತ್ತು ವಿಲ್ಸ್ ಎಂಬ ಅನ್ವೇಷಕರು ಖಂಡದ ಒಳನಾಡಿನಲ್ಲಿ ಆಹಾರ ಮುಗಿದು, ಅಲ್ಲಿನ ಮೂಲನಿವಾಸಿಗಳು ತಿನ್ನುತ್ತಿದ್ದ ನಾರ್ಡೂವಿನ ಗಟ್ಟಿ ಬೀಜಾಣುಕಾಯಿಗಳನ್ನು ಅರೆದು ತಿಂದರು. ಹೊಟ್ಟೆ ತುಂಬುತ್ತಿತ್ತು, ಆದರೆ ದಿನೇದಿನೇ ಕಾಲು ಸೋತು ಕೊನೆಗೆ ಇಬ್ಬರೂ ತೀರಿಕೊಂಡರು. ನಾರ್ಡೂವಿನಲ್ಲಿ ಬಿ1 ಜೀವಸತ್ವವನ್ನು ನಾಶಮಾಡುವ ಕಿಣ್ವವಿದೆ. ಮೂಲನಿವಾಸಿಗಳು ಹುರಿದು, ನೀರಿನೊಂದಿಗೆ ಅರೆದು ಅದರ ಕೆಡುಕು ತಗ್ಗಿಸುತ್ತಿದ್ದ ಕ್ರಮವನ್ನು ಇವರು ಪಾಲಿಸದಿದ್ದದ್ದೇ ಸಾವಿಗೆ ಕಾರಣವಾಗಿರಬಹುದು ಎಂಬುದು ನಂತರದ ಸಂಶೋಧಕರ ವಾದ. ಅವರ ಜತೆಗಾರ ಕಿಂಗ್ ಯಾಂಡ್ರುವಾಂಡ ಜನರ ಆಸರೆಯಲ್ಲಿ ಬದುಕುಳಿದ.

ಏಳೆಲೆಯ ಮರ ಮತ್ತು ಕಾಮಾಲೆಯ ಗಿಡ

ಆಟಿ ಅಮಾವಾಸ್ಯೆಯ ದಿನ ಕರಾವಳಿಯಲ್ಲಿ ನಸುಕಿನಲ್ಲೇ ಹೋಗಿ ಹಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು ಕಷಾಯ ಮಾಡುತ್ತಾರೆ. ತುಳುವಿನಲ್ಲಿ ಅದು ಪಾಲೆ ಮರ, ಸಂಸ್ಕೃತದಲ್ಲಿ ಸಪ್ತಪರ್ಣಿ. ನೋಡಿದರೆ ಏಳು ಬೆರಳಿನ ಒಂದು ಸಂಯುಕ್ತ ಎಲೆಯಂತಿದೆ. ಆದರೆ ಹೆಸರು ಕೊಟ್ಟವರು ಸರಿಯಾಗಿಯೇ ನೋಡಿದ್ದರು. ಅವು ನಿಜಕ್ಕೂ ಬೇರೆ ಬೇರೆ ಎಲೆಗಳು, ಕಾಂಡದ ಒಂದೇ ಗೆಣ್ಣಿನ ಸುತ್ತ ಚಕ್ರದಂತೆ ನಿಂತಿವೆ. ಚಕ್ರದ ನಡುವಿನಿಂದ ಕಾಂಡ ಮುಂದುವರಿದು ಮೇಲೆ ಇನ್ನೊಂದು ಚಕ್ರ ಬರುತ್ತದೆ. ಬೂರುಗದಲ್ಲಿ ಹಾಗಲ್ಲ, ಕಿರುಎಲೆಗಳು ಸೇರುವಲ್ಲಿಗೆ ಎಲೆಯ ತೊಟ್ಟು ಮುಗಿಯುತ್ತದೆ.

ಇದು ಯಾಕೆ ಮುಖ್ಯ ಎಂದರೆ, ಅದೇ ಕಾಡಿನಲ್ಲಿ ಕಾಸರಕವೂ ಇರುತ್ತದೆ. ಅದರಲ್ಲಿ ಸ್ಟ್ರಿಕ್ನಿನ್ ಇದೆ, ಸಣ್ಣ ಪ್ರಮಾಣವೂ ಪ್ರಾಣ ತೆಗೆಯಬಲ್ಲದು. ಕತ್ತಲಲ್ಲಿ ತೊಗಟೆ ನೋಡಿ ಎರಡನ್ನು ಬೇರೆ ಮಾಡುವುದು ಕಷ್ಟ. ಬೆಳಕಿನಲ್ಲಿ ಎಲೆ ನೋಡಿದರೆ ಗೊಂದಲವೇ ಇಲ್ಲ: ಕಾಸರಕದ ಎಲೆ ಎದುರುಬದುರು ಎರಡೆರಡೇ, ಬುಡದಿಂದಲೇ ಮೂರು ಅಥವಾ ಐದು ದಪ್ಪ ನರಗಳು. ಹಾಲೆಯಲ್ಲಿ ಚಕ್ರ, ಚಿವುಟಿದರೆ ಬಿಳಿ ಹಾಲು. ಹಾಲು ಒಂದನ್ನೇ ನಂಬಬೇಡಿ, ಹಾಲು ಬರುವ ಮರಗಳು ಬೇಕಾದಷ್ಟಿವೆ. ಕಷಾಯ ಮಾಡುವ ರೂಢಿ ಮನೆಯಲ್ಲಿದ್ದರೆ ಹಿಂದಿನ ದಿನವೇ, ಗೊತ್ತಿರುವ ಹಿರಿಯರ ಜತೆ, ಹಗಲಿನಲ್ಲಿ ಮರ ಗುರುತಿಸಿ ದಾರ ಕಟ್ಟಿ ಬನ್ನಿ.

ಇನ್ನು ಕಾಮಾಲೆಯ ಫಾರ್ವರ್ಡ್. ಅದರಲ್ಲಿ ಹೇಳಿರುವ ಗಿಡ ನೆಲನೆಲ್ಲಿ. ಹುಣಸೆಯ ಸಂಯುಕ್ತ ಎಲೆಯಂತೆ ಕಾಣುವ ಸಣ್ಣ ಕಡ್ಡಿಗಳು, ಎರಡೂ ಕಡೆ ಪುಟ್ಟ ಎಲೆಗಳು, ‘ಎಲೆಯ ಕೆಳಗೆ ಕಾಯಿ’ ಎಂದು ವಿವರಣೆ. ಇಲ್ಲಿ ನಮ್ಮ ಕಣ್ಣು ಇನ್ನೊಮ್ಮೆ ಮೋಸ ಹೋಗುತ್ತದೆ. ನೆಲನೆಲ್ಲಿಯ ಕಡ್ಡಿ ಎಲೆಯಲ್ಲ, ರೆಂಬೆ. ಒಂದೊಂದು ಪುಟ್ಟ ಎಲೆಯೂ ಒಂದು ಪೂರ್ಣ ಸರಳ ಎಲೆ. ಸಾಕ್ಷಿ ಆ ಕಾಯಿಗಳೇ. ಅವು ಎಲೆಯ ಮೇಲೆ ಅಂಟಿಲ್ಲ, ಪ್ರತಿ ಎಲೆಯ ಕಂಕುಳಿಂದ ಹೊರಟು ಕೆಳಗೆ ಜೋತುಬಿದ್ದಿವೆ. ನಿಜವಾದ ಸಂಯುಕ್ತ ಎಲೆಯ ಕಿರುಎಲೆಯ ಬುಡದಲ್ಲಿ ಹೂವು ಕಾಯಿ ಬಿಡುವುದಿಲ್ಲ. ಬೆಟ್ಟದ ನೆಲ್ಲಿಯ ಎಲೆಯೂ ಇದೇ ರೀತಿ. ಹಾಗಾಗಿ ಕಾಯಿ ಇಲ್ಲದ ಹಂತದಲ್ಲಿ ಹುಣಸೆ ಸಸಿ, ನಾಚಿಕೆ ಮುಳ್ಳು, ಕಾಳಿನ ಜಾತಿಯ ಹತ್ತಾರು ಕಳೆಗಳು ಫೋಟೊದಲ್ಲಿ ಒಂದೇ ತರಹ ಕಾಣುತ್ತವೆ. ವಿಷದ ಬೀಜ ಬಿಡುವ ಗುಲಗಂಜಿ ಬಳ್ಳಿಯ ಎಲೆಯೂ ಅಷ್ಟೇ. ನೆಲನೆಲ್ಲಿಯ ಹತ್ತಿರದ ಸಂಬಂಧಿಗಳೂ ಒಂದೆರಡಲ್ಲ.

ಸರಿಯಾದ ಗಿಡವೇ ಸಿಕ್ಕಿತು ಎಂದುಕೊಳ್ಳಿ. 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ, ನೆಲನೆಲ್ಲಿ ಕೊಟ್ಟಾಗ ಹೆಪಟೈಟಿಸ್ ಬಿ ವೈರಸ್ ಹೊತ್ತಿದ್ದ ಕೆಲವರ ರಕ್ತದಲ್ಲಿ ಅದರ ಗುರುತು ಮಾಯವಾಯಿತು ಎಂಬ ವರದಿ ಬಂದದ್ದು ನಿಜ. ಅದನ್ನು ಚೆನ್ನೈನ ಸಂಶೋಧಕರು ಬರೆದಿದ್ದರು, ಜಗತ್ತಿನಾದ್ಯಂತ ಆಸೆ ಹುಟ್ಟಿತ್ತು. ನಂತರ ಬೇರೆ ಕಡೆ ನಡೆದ ಪ್ರಯೋಗಗಳಲ್ಲಿ ಆ ಫಲಿತಾಂಶ ಮತ್ತೆ ಸಿಗಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಕಾಮಾಲೆ ಒಂದು ರೋಗದ ಹೆಸರಲ್ಲ, ಲಕ್ಷಣ. ಹೆಪಟೈಟಿಸ್ ಎ ಬಂದವರಲ್ಲಿ ಹೆಚ್ಚಿನವರು ಯಾವ ಸೊಪ್ಪು ಕುಡಿಯದಿದ್ದರೂ ಕೆಲವು ವಾರಗಳಲ್ಲಿ ಗುಣವಾಗುತ್ತಾರೆ, ಹೆಸರು ಮಾತ್ರ ಸೊಪ್ಪಿಗೆ ಬರುತ್ತದೆ. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡಿದ್ದರೆ, ಗಡ್ಡೆ ಇದ್ದರೆ, ಯಕೃತ್ತು ಸೋಲುತ್ತಿದ್ದರೆ ಆ ‘ಮೂರು ದಿನ’ ತುಂಬ ದುಬಾರಿ. ಕಣ್ಣು ಹಳದಿಯಾದವರು ಮಂಕಾದರೆ, ರಕ್ತಸ್ರಾವ ಕಂಡರೆ, ಗರ್ಭಿಣಿಯಾಗಿದ್ದರೆ ಒಂದು ದಿನವೂ ಕಾಯುವಂತಿಲ್ಲ.

ಗಿಡದ ಹೆಸರು ಕೇಳಿ ಗುಂಪಿಗೆ ಫೋಟೊ ಹಾಕುವವರಿಗೆ ಒಂದು ಕೋರಿಕೆ. ಒಂದೇ ಕಿರುಎಲೆ ಕಿತ್ತು ಅಂಗೈಯಲ್ಲಿಟ್ಟು ಫೋಟೊ ತೆಗೆಯಬೇಡಿ, ಅದನ್ನು ನೋಡಿ ಯಾವ ಪ್ರೊಫೆಸರ್ ಕೂಡ ಗಿಡ ಹೇಳಲಾರರು. ಎಲೆ ಕಾಂಡಕ್ಕೆ ಸೇರುವ ಜಾಗ ಕಾಣುವಂತೆ ಒಂದು, ಎಲೆಯ ಹಿಂಬದಿಯದೊಂದು, ತುದಿಯದೊಂದು, ಹೂವೋ ಕಾಯಿಯೋ ಇದ್ದರೆ ಅದರದೊಂದು, ಮತ್ತೆ ಗಿಡ ನಿಂತ ಜಾಗದ್ದೊಂದು. ಫರ್ನ್ ಆದರೆ ಬುಡದ ಸುರುಳಿಯನ್ನೂ ಸೇರಿಸಿ. ಹೆಸರು ಹೇಳುವ ಆ್ಯಪ್‌ಗಳಿಗೂ ಇದೇ ಬೇಕು, ಆದರೂ ಅವು ಹೇಳಿದ ಹೆಸರನ್ನು ನಂಬಿ ಏನನ್ನೂ ಬಾಯಿಗೆ ಹಾಕಬೇಡಿ.